ಪಂಪಿನ ಕಾಲಡಿಗೆ ಯಾವ ಶಿಮ್? ಸಿದ್ಧ ಸ್ಟೇನ್‌ಲೆಸ್ ಪೆಟ್ಟಿಗೆಯೊಂದರ ವಿಮರ್ಶೆ

ಶಿಮ್ ಎಂದರೆ ಯಂತ್ರದ ಎತ್ತರ ಸರಿಹೊಂದಿಸಲು ಅದರ ಕಾಲಡಿಗೆ ಇಡುವ ತೆಳು ಲೋಹದ ಹಾಳೆ. ಅಳತೆಗೆ ಕತ್ತರಿಸಿ, ಬೋಲ್ಟ್ ಕೂರುವಂತೆ ಸೀಳು ತೆಗೆದ 304 ದರ್ಜೆಯ ಸ್ಟೇನ್‌ಲೆಸ್ ಶಿಮ್‌ಗಳ ಪೆಟ್ಟಿಗೆಯನ್ನು ಮಂಗಳೂರಿನ ಬೈಕಂಪಾಡಿಯ ನಮ್ಮ ಘಟಕದಲ್ಲಿ ಪಂಪು, ಮೋಟಾರುಗಳ ಅಲೈನ್‌ಮೆಂಟ್‌ಗೆ (ಎರಡರ ಶಾಫ್ಟುಗಳನ್ನು ಒಂದೇ ನೇರಕ್ಕೆ ತರಲು) ಬಳಸುತ್ತಿದ್ದೇವೆ. ದಪ್ಪ 0.05ರಿಂದ 2 ಮಿ.ಮೀ.ವರೆಗೆ ಇದ್ದು, ಪ್ರತಿ ಶಿಮ್ಮಿನ ಮೇಲೂ ಅದನ್ನು ಕೆತ್ತಿದ್ದಾರೆ. ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿದಾಗ ಕೆತ್ತಿದ ಅಳತೆಯೇ ಬಂದಿತು.

ಮೊದಲು ಇಲ್ಲಿ ಹಿತ್ತಾಳೆ ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ ತುರುಕುವುದೇ ರೂಢಿಯಾಗಿತ್ತು. ಹಾಗೆ ಕತ್ತರಿಸಿದ ಅಂಚಿನಲ್ಲಿ ಏಳುವ ಬರ್ (ಚೂಪಾದ ಲೋಹದ ಏಣು) ಮೋಟಾರಿನ ಕಾಲನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುವುದರಿಂದ, ಬೋಲ್ಟ್ ಬಿಗಿದಂತೆಲ್ಲ ಸೂಕ್ಷ್ಮ ಅಲುಗಾಟ ಅಳೆಯುವ ಡಯಲ್ ಗೇಜಿನ ಮುಳ್ಳು ಓಡುತ್ತಿತ್ತು. ಮೈಲ್ಡ್ ಸ್ಟೀಲ್ ಅಗ್ಗವೇನೋ ಹೌದು, ಆದರೆ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಕಡಲ ಗಾಳಿಯಲ್ಲಿ ಅದನ್ನಿಟ್ಟರೆ ಇಂದು ಕೂರಿಸಿದ ಅಳತೆ ಮಳೆಗಾಲ ಕಳೆಯುವಷ್ಟರಲ್ಲಿ ಉಳಿದಿರುವುದಿಲ್ಲ. ಈ ಎರಡೂ ತೊಂದರೆಗಳು ಈ ಪೆಟ್ಟಿಗೆಯಿಂದ ಬಹುಮಟ್ಟಿಗೆ ತಪ್ಪಿವೆ.

ಕೊರತೆಯೂ ಇದೆ. 0.05ರ ಶಿಮ್‌ಗಳು ಎಣ್ಣೆಗೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ, ಬಿಡಿಸುವಾಗ ಮಡಿಕೆ ಬಿದ್ದರೆ ಎಸೆಯಬೇಕಾಗುತ್ತದೆ. ತೆಳುವಾದವನ್ನು ದಪ್ಪ ಶಿಮ್‌ಗಳ ನಡುವೆ ಇಟ್ಟು, ಒಂದು ಕಾಲಡಿಗೆ ಮೂರು-ನಾಲ್ಕಕ್ಕಿಂತ ಹೆಚ್ಚು ಪೇರಿಸದಿರುವುದು ಒಳ್ಳೆಯದು. ರಾಶಿ ಹೆಚ್ಚಿದಷ್ಟೂ ಅದು ಸ್ಪ್ರಿಂಗಿನಂತೆ ಒತ್ತಿಕೊಳ್ಳುತ್ತದೆ. ಅಂದ ಹಾಗೆ, ಅಯಸ್ಕಾಂತ ಹಿಡಿದು ‘ಇದು ಸ್ಟೇನ್‌ಲೆಸ್ಸೇ ಅಲ್ಲ’ ಎಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲಬೇಡಿ. ತಣ್ಣಗೆ ಉರುಳಿಸಿ ತೆಳ್ಳಗಾಗಿಸಿದ 304 ತುಸು ಸೆಳೆತ ತೋರಿಸುವುದು ಸಹಜ, ಖಾತ್ರಿ ಬೇಕಿದ್ದರೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ.

ಪೈಪ್‌ಲೈನಿನ ಲೆಕ್ಕ ಬೇರೆ. ಸ್ಟೇನ್‌ಲೆಸ್ ಪೈಪು ಸಾದಾ ಸ್ಟೀಲಿನ ಸಪೋರ್ಟಿನ ಮೇಲೆ ನೇರವಾಗಿ ಕೂತು ಒದ್ದೆಯಾಗುವಲ್ಲಿ ಲೋಹದ ಶಿಮ್ಮಿಗಿಂತ ಎರಡು ಲೋಹಗಳು ತಾಗಿ ತುಕ್ಕು ಹೆಚ್ಚದಂತೆ ತಡೆಯಲು ವಿದ್ಯುತ್ ಹರಿಯಗೊಡದ ಹಾಳೆಯೇ ಸೂಕ್ತ. ಪೈಪು ಹಿಗ್ಗಿ ಜಾರಬೇಕಾದಲ್ಲಿ ಟೆಫ್ಲಾನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದು 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿದರೂ ಭಾರಕ್ಕೆ ನಿಧಾನವಾಗಿ ಹರಡಿಕೊಳ್ಳುವುದರಿಂದ ಪಂಪಿನ ಕಾಲಡಿಗೆ ಸಲ್ಲದು. ಫ್ಲೇಂಜ್ (ಪೈಪನ್ನು ಪಂಪಿಗೆ ಬೋಲ್ಟ್ ಹಾಕಿ ಜೋಡಿಸುವ ಅಂಚುಬಳೆ) ಕೂಡದಿದ್ದಾಗ ಪಂಪಿನಡಿ ಶಿಮ್ ಹಾಕಿ ಪೈಪಿಗೆ ಹೊಂದಿಸುವವರಿದ್ದಾರೆ. ಅಲ್ಲಿ ತಿದ್ದಬೇಕಾದುದು ಪೈಪನ್ನು.

ಒಳಾಂಗಣದ ಯಂತ್ರಗಳಿಗೆ ಈ ಪೆಟ್ಟಿಗೆಯನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಸಮುದ್ರದ ನೀರು ಸಿಡಿಯುವ ಪಂಪುಗಳಿಗೆ ಮಾತ್ರ, ಬೆಲೆ ಹೆಚ್ಚಾದರೂ, ಮಾಲಿಬ್ಡಿನಂ ಬೆರೆತ 316 ದರ್ಜೆಯದನ್ನೇ ತರಿಸಿ.