ಟ್ಯಾಂಕ್ ಕೆಳಗೆ ಕೂರಿಸಿದ ನೀರಿನ ಮೀಟರ್: ಎರಡು ವರ್ಷ ಬಳಸಿದ ಮೇಲೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಗೆ ಹತ್ತಿರ ಹತ್ತಿರ ಮೂವತ್ತು ವರ್ಷ. 2023ರಲ್ಲಿ ಊಟದ ಹಾಲ್ ಗೋಡೆಯ ಬುಡದಲ್ಲಿ ಪೇಂಟ್ ಉಬ್ಬಿ ಉದುರೋಕೆ ಶುರುವಾಯಿತು. ಮಳೆ ನೀರಿರಬೇಕು ಅಂತ ಕೆರೆಸಿ, ಪುಟ್ಟಿ ಹಾಕಿಸಿ, ಬಣ್ಣ ಹೊಡೆಸಿದೆವು. ಒಂದು ಹನಿ ಮಳೆ ಇಲ್ಲದ ಬೇಸಿಗೆಯಲ್ಲಿ ಮತ್ತೆ ಉಬ್ಬಿತು. ವಾಟರ್‌ಪ್ರೂಫಿಂಗ್‌ನವರೊಬ್ಬರು ಬಂದು ಗೋಡೆಗೆ ಎರಡು ಸಲ ಕುಟ್ಟಿ ನೋಡಿ, "ಬಾತ್‌ರೂಮ್ ಪೂರ್ತಿ ಒಡೀಬೇಕು ಸಾರ್" ಅಂದರು. ಎಲ್ಲಿ ಸೋರ್ತಿದೆ ಅಂತ ಕೇಳಿದರೆ "ಒಡೆದ್ಮೇಲೆ ಗೊತ್ತಾಗುತ್ತೆ". ಲಕ್ಷದ ಹತ್ತಿರದ ಕೆಲಸಕ್ಕೆ ಇಷ್ಟೇ ಉತ್ತರ!

ಆ ಸಿಟ್ಟಿನಲ್ಲೇ ನಾನು ಮೀಟರ್ ತಂದಿದ್ದು. ಮಾಮೂಲಿ ಮಲ್ಟಿಜೆಟ್ ಮೀಟರ್ (ನೀರಿನ ಸಣ್ಣ ಧಾರೆಗಳು ಒಳಗಿನ ಚಕ್ರ ತಿರುಗಿಸೋ ತರಹದ್ದು), ಅರ್ಧ ಇಂಚಿನದು. ವೈಫೈ, ಆ್ಯಪ್ ಏನೂ ಇಲ್ಲ. "ಮನೆಯೊಳಗೆ ಯಾರು ಸಾರ್ ಮೀಟರ್ ಹಾಕಿಸ್ತಾರೆ, ಬಾಡಿಗೆಯವರು ಇದ್ದಾರಾ?" ಅಂತ ಪ್ಲಂಬರ್ ನಕ್ಕ. ರಸ್ತೆ ಪಕ್ಕ ಒಂದು ಮೀಟರ್ ಇದೆಯಲ್ಲ ಅಂತ ನೀವೂ ಕೇಳಬಹುದು. ಅದು ನೆಲದಡಿಯ ಸಂಪ್‌ಗೆ ಬಂದ ನೀರನ್ನು ಅಳೆಯುತ್ತೆ ಅಷ್ಟೇ. ನೀರು ಬಿಟ್ಟಾಗ ಓಡುತ್ತೆ, ಸಂಪು ತುಂಬಿದರೆ ನಿಲ್ಲುತ್ತೆ. ಮೋಟಾರ್ ಹಾಕಿ ಮೇಲೆ ಹತ್ತಿಸಿದ ನೀರು ಆಮೇಲೆ ಎಲ್ಲಿ ಹೋಯಿತು ಅನ್ನೋದು ಅದಕ್ಕೆ ಗೊತ್ತಾಗಲ್ಲ. ಅದಕ್ಕೇ ಓವರ್‌ಹೆಡ್ ಟ್ಯಾಂಕಿನಿಂದ ಹೊರಡುವ ಮೇನ್ ಪೈಪಿಗೇ ಮೀಟರ್ ಹಾಕಿಸಿದೆ. ಡಯಲ್ ಆಕಾಶ ನೋಡೋ ಹಾಗೆ, ಮೀಟರ್ ಮಟ್ಟವಾಗಿ ಕೂರಬೇಕು. ಓರೆಯಾಗಿ ಕೂರಿಸಿದರೆ ಸಣ್ಣ ಹರಿವು ಸರಿಯಾಗಿ ಸಿಗಲ್ಲ.

ಮೊದಲ ರಾತ್ರಿಯೇ ಗೊತ್ತಾಯಿತು. ಹತ್ತೂವರೆಗೆ ಎಲ್ಲರೂ ಮಲಗುವ ಮುಂಚೆ ಟಾರ್ಚ್ ಹಿಡಿದು ಟೆರೇಸ್ ಹತ್ತಿ ರೀಡಿಂಗ್ ಬರೆದುಕೊಂಡೆ, ಬೆಳಗ್ಗೆ ಐದೂವರೆಗೆ ಯಾರೂ ನಲ್ಲಿ ಮುಟ್ಟುವ ಮೊದಲು ಮತ್ತೆ ನೋಡಿದೆ. 84 ಲೀಟರ್! ಏಳು ಗಂಟೆಯಲ್ಲಿ ಅಷ್ಟು ಅಂದರೆ ಗಂಟೆಗೆ 12, ದಿನಕ್ಕೆ 288 ಲೀಟರ್ ಸುಮ್ನೆ ಮಣ್ಣಿಗೆ. ನಾವು ಆಗ ಪಾತ್ರೆ ತೊಳೆಯೋ ನೀರಿಗೆ ಅಮ್ಮನ ಜೊತೆ ಜಗಳ ಆಡ್ತಿದ್ದೆವು.

ಮೀಟರ್‌ನಲ್ಲಿ ಕಪ್ಪು ಅಂಕೆಗಳನ್ನು ನೋಡ್ತಾ ಕೂರಬೇಡಿ, ಅವು ಸಾವಿರ ಲೀಟರ್ ಲೆಕ್ಕ. ಕೆಂಪು ಮುಳ್ಳುಗಳಲ್ಲಿ 0.0001 ಅಂತ ಬರೆದಿರೋದು ಒಂದು ಸುತ್ತು ಬಂದರೆ ಒಂದು ಲೀಟರ್. ಪಕ್ಕದಲ್ಲಿ ನಕ್ಷತ್ರದ ಹಾಗೆ ಒಂದು ಪುಟ್ಟ ಚಕ್ರ ಇರುತ್ತೆ. ನಲ್ಲಿ ಎಲ್ಲ ಬಂದ್ ಮಾಡಿದ ಮೇಲೂ ಅದು ತಿರುಗ್ತಿದ್ದರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ. ಆ ಚಕ್ರ ನೋಡ್ತಾ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದೆ. ಅಡುಗೆಮನೆ ಲೈನ್ ಮುಚ್ಚಿದೆ, ತಿರುಗ್ತಾನೇ ಇತ್ತು. ಬಾತ್‌ರೂಮ್ ತಣ್ಣೀರು, ಊಹೂಂ. ಸೋಲಾರ್‌ಗೆ ಹೋಗೋ ವಾಲ್ವ್ ಮುಚ್ಚಿದ ತಕ್ಷಣ ನಿಂತುಬಿಟ್ಟಿತು.

ಆಗ ತಲೆಗೆ ಹೊಳೆಯಿತು. ಆರು ತಿಂಗಳಿಂದ ಬೆಳಗ್ಗೆ ಸ್ನಾನಕ್ಕೆ ನೀರು ಉಗುರುಬೆಚ್ಚಗೆ ಬರ್ತಿತ್ತು, ಸೋಲಾರ್ ಹಳೇದಾಯ್ತು ಅಂತ ಸರ್ವೀಸ್‌ಗೆ ಬೇರೆ ದುಡ್ಡು ಕೊಟ್ಟಿದ್ದೆ. ಬಿಸಿನೀರು ರಾತ್ರಿಯೆಲ್ಲ ನೆಲದಡಿ ಹೋಗ್ತಿದ್ದರೆ ಬೆಳಗ್ಗೆಗೆ ಎಲ್ಲಿ ಉಳಿಯುತ್ತೆ? ನಮ್ಮ ಬೆಕ್ಕು ಚಳಿಗಾಲ ಪೂರ್ತಿ ಊಟದ ಮೇಜಿನ ಕೆಳಗೆ ಒಂದೇ ಜಾಗದಲ್ಲಿ ಮಲಗ್ತಿತ್ತು, ಅದಕ್ಕೆ ನಮಗಿಂತ ಮೊದಲೇ ಗೊತ್ತಿತ್ತು.

ಇಷ್ಟಾದ ಮೇಲೆ ಥರ್ಮಲ್ ಕ್ಯಾಮೆರಾದವರನ್ನು ಕರೆಸಿದೆ. ಹದಿನೈದು ನಿಮಿಷ ಬಿಸಿನೀರು ಬಿಟ್ಟು ನೋಡಿದರೆ ನೆಲದಲ್ಲಿ ಪೈಪಿನ ಗೆರೆ, ಒಂದು ಕಡೆ ಅಗಲವಾಗಿ ಹರಡಿದ ಕೆಂಪು. ಅಲ್ಲಿ ಎರಡೇ ಟೈಲ್ಸ್ ಒಡೆದಿದ್ದು, ಬಿಸಿನೀರಿನ ಪ್ಲಾಸ್ಟಿಕ್ (ಸಿಪಿವಿಸಿ) ಪೈಪ್ ತಿರುಗೋ ಜಾಗದ ಎಲ್ಬೋ ಸೀಳಿತ್ತು. ಕ್ಯಾಮೆರಾಗೆ ಪೂರ್ತಿ ಅಂಕ ಕೊಡಬೇಕು ಅನ್ನಿಸಿತು, ಆದರೆ ಮುಂದಿನ ವರ್ಷ ಮತ್ತೆ ಗೋಡೆ ಒದ್ದೆಯಾದಾಗ ಅದೇ ಕ್ಯಾಮೆರಾ ಕೈಕೊಟ್ಟಿತು. ಅದಕ್ಕೆ ನೀರು ಕಾಣಲ್ಲ, ಮೇಲ್ಮೈಯ ಬಿಸಿ-ತಣ್ಣಗಿನ ವ್ಯತ್ಯಾಸ ಮಾತ್ರ ಕಾಣುತ್ತೆ. ತಣ್ಣೀರು ಇಳಿದ ಗೋಡೆ ಅಂದರೆ ಇಡೀ ಗೋಡೆ ನೀಲಿ. ಒದ್ದೆ ಇದೆ ಅಂತ ಹೇಳೋಕೆ ನನ್ನ ಅಂಗೈ ಸಾಕಿತ್ತು.

ಕಿವಿಗೆ ಹಾಕಿಕೊಂಡು ಸೋರೋ ಸದ್ದು ಕೇಳುವ ಯಂತ್ರದವರೂ ಬಂದಿದ್ದರು. ವಿಸಿಟ್ ಚಾರ್ಜ್ ತಗೊಂಡು "ಏನೂ ಕೇಳಿಸ್ತಿಲ್ಲ" ಅಂದು ಹೋದರು. ಅವರ ಯಂತ್ರದ ತಪ್ಪು ಅಂತ ಹೇಳಲ್ಲ. ಹತ್ತು ಅಡಿ ಎತ್ತರದ ಟ್ಯಾಂಕ್ ಕೊಡೋ ಪ್ರೆಷರ್ ಸುಮಾರು 0.3 ಬಾರ್, ಅಷ್ಟಕ್ಕೆ ಸೋರಿಕೆ ಸದ್ದು ಮಾಡೋದೇ ಕಮ್ಮಿ, ಅದರಲ್ಲೂ ಪ್ಲಾಸ್ಟಿಕ್ ಪೈಪ್ ಕಬ್ಬಿಣದ ಹಾಗೆ ಸದ್ದನ್ನು ದೂರಕ್ಕೆ ಒಯ್ಯಲ್ಲ. ಹ್ಯಾಂಡ್ ಪಂಪಿನಿಂದ ಲೈನಿಗೆ ಪ್ರೆಷರ್ ಕೊಟ್ಟು ಆಮೇಲೆ ಕೇಳಬೇಕಿತ್ತು. ಅವರು ಪಂಪ್ ತಂದೇ ಇರಲಿಲ್ಲ. ಕರೆಯುವಾಗಲೇ ಕೇಳಿಕೊಳ್ಳಿ.

ಇನ್ನು ಮೀಟರಿನ ತೊಂದರೆಗಳು. ಅರ್ಧ ಇಂಚಿನದು ತಗೊಂಡಿದ್ದೇ ತಪ್ಪು, ಮಹಡಿ ಮೇಲಿನ ಶವರ್ ಸಣ್ಣಗಾಯಿತು. ಮುಕ್ಕಾಲು ಇಂಚಿನದು ಹಾಕಿಸಬೇಕಿತ್ತು. ವರ್ಷಕ್ಕೆ ಒಂದೆರಡು ಸಲ ಅದರ ಜಾಲರಿಯಲ್ಲಿ ಕಸ ಕೂರುತ್ತೆ, ಬಿಚ್ಚಿ ತೊಳೀಬೇಕು. ಗ್ಲಾಸ್ ಒಳಗೆ ಆವಿ ಕಟ್ಟಿ ಮಂಜು ಮಂಜು. ತೊಟ್ಟು ತೊಟ್ಟಾಗಿ ಜಿನುಗಿದರೆ ಚಕ್ರ ಅಲ್ಲಾಡಲ್ಲ. ಕಮೋಡಿನ ಫ್ಲಶ್ ಟ್ಯಾಂಕ್ ಹಾಗೇ ಜಿನುಗುತ್ತಿದ್ದದ್ದು ಸಿಕ್ಕಿದ್ದು ಬೀಟ್‌ರೂಟ್ ಬೇಯಿಸಿದ ನೀರಿನಿಂದ: ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟೆ, ಕಮೋಡಿನಲ್ಲಿ ಕೆಂಪು ನೀರು. ವಾಷರ್ ಬದಲಾಯಿಸಿದ ಮೇಲೆ ನಿಂತಿತು.

ನೀಲಿ ಗೋಡೆ ಅಂದೆನಲ್ಲ, ಅಲ್ಲಿ ರಾತ್ರಿಯಿಡೀ ಮೀಟರ್ ಒಂದು ಮುಳ್ಳೂ ಕದಲಲಿಲ್ಲ. ನೀರು ತರುವ ಪೈಪ್ ಗಟ್ಟಿ ಇರಬೇಕು, ಹೊರಗೆ ಹೋಗುವ ಕಡೆಯೇ ಲೀಕ್ ಇರಬೇಕು ಅನ್ನಿಸಿತು. ಬಾತ್‌ರೂಮಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗೋ ಜಾಲಿಯ ಕೆಳಗಿನ ಭಾಗ) ಬಾಯಿಗೆ ಬಟ್ಟೆ ತುರುಕಿ ನೆಲದ ಮೇಲೆ ಒಂದು ದಿನ ನೀರು ನಿಲ್ಲಿಸಿದೆ, ಮಟ್ಟ ಇಳಿಯಲಿಲ್ಲ. ಬಟ್ಟೆ ತೆಗೆದು ಐದಾರು ಬಕೆಟ್ ಸುರಿದ ಮಾರನೇ ದಿನ ಗೋಡೆ ಮತ್ತೆ ಒದ್ದೆ. ಟ್ರ್ಯಾಪಿನ ಜಾಯಿಂಟ್ ಬಿಚ್ಚಬೇಕು. ಪ್ಲಂಬರ್ ಭಾನುವಾರ ಬರ್ತೀನಿ ಅಂದಿದ್ದಾನೆ. ಇದು ಮೂರನೇ ಭಾನುವಾರ.