ಪಿಕಾರ್ಡ್: ‘ಸ್ಕ್ಯಾನ್’ ಒತ್ತುವ ಮುನ್ನ

ಮನೆಯ ಸರ್ವರ್‌ಗೆ ಹಾಡು ಕೇಳಿಸುವ ತಂತ್ರಾಂಶಗಳಾದ ನ್ಯಾವಿಡ್ರೋಮ್ ಅಥವಾ ಜೆಲ್ಲಿಫಿನ್ ಹಾಕಿದ ಮೇಲೂ ಹಾಡುಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ ತಪ್ಪು ಬಹುಪಾಲು ಸರ್ವರ್‌ನದ್ದಲ್ಲ, ಫೈಲಿನೊಳಗೆ ಹಾಡು, ಗಾಯಕ, ಆಲ್ಬಮ್ ಹೆಸರು ಬರೆದಿಟ್ಟ ಟ್ಯಾಗ್‌ನದ್ದು. ಅದನ್ನು ಸರಿಮಾಡಲು ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್‌ಗಿಂತ ಒಳ್ಳೆಯ ಉಚಿತ ತಂತ್ರಾಂಶ ಸಿಗುವುದು ಕಷ್ಟ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಾಡಿನ ವಿವರಗಳನ್ನು ಮ್ಯೂಸಿಕ್‌ಬ್ರೈನ್ಜ್ ಎಂಬ ಮುಕ್ತ ಸಂಗೀತ ಡೇಟಾಬೇಸ್‌ನಿಂದ ತರುತ್ತದೆ. ಆದರೆ ಕನ್ನಡ ಹಾಡುಗಳಿಗೆ ಅದನ್ನು ಟ್ಯಾಗ್ ತಿದ್ದಿ ಫೋಲ್ಡರ್ ಜೋಡಿಸಲು ಬಳಸಿ. ಹಾಡು ಗುರುತಿಸುವ ಕೆಲಸಕ್ಕೆ ಪೂರ್ತಿ ನಂಬಬೇಡಿ.

ಎಡವಟ್ಟಾಗುವುದು ‘ಸ್ಕ್ಯಾನ್’ ಗುಂಡಿಯಲ್ಲಿ. ಅದು ಹಾಡಿನ ಧ್ವನಿಯ ಬೆರಳಚ್ಚು ತೆಗೆದು ಅಕೌಸ್ಟ್‌ಐಡಿ ಡೇಟಾಬೇಸ್‌ನಲ್ಲಿ ಹುಡುಕುತ್ತದೆ. ಭಾವಗೀತೆ, ಹಳೆಯ ಕ್ಯಾಸೆಟ್‌ಗಳ ದೇವರನಾಮ ಅಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಇದ್ದ ಚಿತ್ರಗೀತೆಯೂ ಹಲವು ಸಂಕಲನಗಳಲ್ಲಿ ಬಂದಿರುವುದರಿಂದ, ಒಂದೇ ಚಿತ್ರದ ಆರು ಹಾಡು ಮೂರ್ನಾಲ್ಕು ‘ಹಿಟ್ಸ್’ ಆಲ್ಬಮ್‌ಗಳಿಗೆ ಹಂಚಿಹೋಗಬಹುದು. ಇಡೀ ಆಲ್ಬಮ್ ಕೈಯಲ್ಲಿದ್ದರೆ ಮೊದಲು ‘ಕ್ಲಸ್ಟರ್’ (ಫೈಲುಗಳನ್ನು ಆಲ್ಬಮ್ ಆಗಿ ಗುಂಪು ಮಾಡುವುದು), ಆಮೇಲೆ ‘ಲುಕಪ್’ (ಇರುವ ಟ್ಯಾಗ್ ಹಿಡಿದು ಹುಡುಕುವುದು). ‘ಟ್ರ್ಯಾಕ್ 03’ ಎಂದಷ್ಟೇ ಹೆಸರಿರುವ ಅನಾಥ ಫೈಲುಗಳಿಗೆ ಮಾತ್ರ ಸ್ಕ್ಯಾನ್. ಮ್ಯೂಸಿಕ್‌ಬ್ರೈನ್ಜ್ ಸರ್ವರ್ ಒಂದು ಇಂಟರ್ನೆಟ್ ವಿಳಾಸದಿಂದ ಸೆಕೆಂಡಿಗೆ ಸರಾಸರಿ ಒಂದೇ ವಿನಂತಿ ಸ್ವೀಕರಿಸುತ್ತದೆ. ಹಾಗಾಗಿ ಹತ್ತು ಸಾವಿರ ಹಾಡು ಒಟ್ಟಿಗೆ ಸುರಿಯದೆ ಇನ್ನೂರು ಮುನ್ನೂರರಂತೆ ಹಾಕಿ.

ಚಿತ್ರಗೀತೆಗಳಲ್ಲಿ ಮುಖ್ಯವಾದದ್ದು ‘ಆಲ್ಬಮ್ ಆರ್ಟಿಸ್ಟ್’. ಅದು ಖಾಲಿಯಿದ್ದು ‘ಆರ್ಟಿಸ್ಟ್’ನಲ್ಲಿ ಗಾಯಕರ ಹೆಸರಷ್ಟೇ ಇದ್ದರೆ ಒಂದು ಚಿತ್ರ ಗಾಯಕರ ಲೆಕ್ಕದಲ್ಲಿ ಒಡೆದುಹೋಗುತ್ತದೆ. ಎಲ್ಲ ಹಾಡಿಗೂ ಸಂಗೀತ ನಿರ್ದೇಶಕರ ಹೆಸರನ್ನು, ಉದಾಹರಣೆಗೆ ‘ರಾಜನ್-ನಾಗೇಂದ್ರ’ ಎಂದು, ಒಂದೇ ಕಾಗುಣಿತದಲ್ಲಿ ತುಂಬಿ. ‘ಎಸ್ಪಿಬಿ’, ‘ಎಸ್.ಪಿ.ಬಿ.’ ಎಂದು ಬೇರೆಬೇರೆ ಬರೆದರೆ ಇಬ್ಬರು ಗಾಯಕರಾಗಿ ಕಾಣುತ್ತಾರೆ. ಒಂದೇ ಆಲ್ಬಮ್‌ನ ಕೆಲವು ಹಾಡಿಗೆ ಮಾತ್ರ ಮ್ಯೂಸಿಕ್‌ಬ್ರೈನ್ಜ್ ಐಡಿ (ಆ ಡೇಟಾಬೇಸಿನ ಗುರುತಿನ ಸಂಕೇತ) ಕೂತರೂ ನ್ಯಾವಿಡ್ರೋಮ್‌ನ ಹೊಸ ಆವೃತ್ತಿಗಳಲ್ಲಿ ಆ ಆಲ್ಬಮ್ ಎರಡಾಗಬಹುದು. ಕೊಟ್ಟರೆ ಎಲ್ಲಕ್ಕೂ ಕೊಡಿ, ಇಲ್ಲದಿದ್ದರೆ ಯಾವುದಕ್ಕೂ ಬೇಡ.

ಕನ್ನಡ ಲಿಪಿಯಲ್ಲೇ ಹೆಸರಿಡುವವರು ‘ರಿಪ್ಲೇಸ್ ನಾನ್-ಆಸ್ಕಿ ಕ್ಯಾರೆಕ್ಟರ್ಸ್’ ಆಯ್ಕೆ ಆಫ್ ಇದೆಯೇ ನೋಡಿಕೊಳ್ಳಿ. ಆನ್ ಇದ್ದರೆ ಫೈಲಿನ ಹೆಸರಿನ ಕನ್ನಡವೆಲ್ಲ ಅಡಿಗೆರೆಯಾಗುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಅಕ್ಷರ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ (ವ್ಯಂಜನ, ಹಲಂತ, ಸ್ವರಚಿಹ್ನೆ ಒಂದೊಂದೂ ಒಂದು ಸಂಕೇತ) 3 ಬೈಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ ಬೇಕು, ಅಂದರೆ 18 ಬೈಟ್! ಹಾಡಿನ ಜೊತೆ ಗಾಯಕರೆಲ್ಲರ ಹೆಸರನ್ನೂ ಫೈಲಿನ ಹೆಸರಿಗೆ ಸೇರಿಸುವ ಆಸೆ ಬಿಡಿ. ಸಂಗೀತ ನಿರ್ದೇಶಕರ ಹೆಸರಿನ ಫೋಲ್ಡರ್, ಅದರೊಳಗೆ ಆಲ್ಬಮ್ ಮತ್ತು ವರ್ಷ, ಅದರೊಳಗೆ ಎರಡಂಕಿಯ ಸಂಖ್ಯೆ ಮತ್ತು ಹಾಡು: ಇಷ್ಟು ಸಾಕು.

ಡೌನ್‌ಲೋಡ್ ತಾಣಗಳ ಜಾಹೀರಾತು ಟ್ಯಾಗ್‌ನಿಂದ ಹೋಗಲೆಂದು ‘ಕ್ಲಿಯರ್ ಎಕ್ಸಿಸ್ಟಿಂಗ್ ಟ್ಯಾಗ್ಸ್’ ಆನ್ ಮಾಡುವವರುಂಟು. ನೀವೇ ಕೂತು ತುಂಬಿದ ಕವಿಯ ಹೆಸರೂ ಅದರ ಜೊತೆ ಅಳಿಸಿಹೋದೀತು. ಉಳಿಸಬೇಕಾದ ಟ್ಯಾಗ್‌ಗಳ ಪಟ್ಟಿಗೆ ‘ಲಿರಿಸಿಸ್ಟ್’ ಸೇರಿಸಿಯೇ ಆ ಆಯ್ಕೆ ಮುಟ್ಟಿ. ಕವರ್ ಚಿತ್ರಕ್ಕೆ 500 ಪಿಕ್ಸೆಲ್ ಸಾಕು. 2 ಎಂಬಿ ಚಿತ್ರವನ್ನು ಹತ್ತು ಹಾಡಿನೊಳಗೂ ತುರುಕಿದರೆ ಆಲ್ಬಮ್ ಒಂದಕ್ಕೆ 20 ಎಂಬಿ ವೃಥಾ ಹೋಯಿತು.

ದೊಡ್ಡ ಕೊರತೆಯೆಂದರೆ, ‘ಸೇವ್’ ಒತ್ತಿದ ಮೇಲೆ ಹಿಂದಕ್ಕೆ ಹೋಗುವ ಗುಂಡಿ ಇಲ್ಲ. ಟ್ಯಾಗೂ ಬದಲು, ಫೈಲು ಸರಿಸುವ ಆಯ್ಕೆ ಆನ್ ಇದ್ದರೆ ಜಾಗವೂ ಬದಲು. ಸಂಗ್ರಹದ ಒಂದು ನಕಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡು, ಮೊದಲು ಒಂದೇ ಆಲ್ಬಮ್ ‘ಸೇವ್’ ಮಾಡಿ, ಸರ್ವರ್‌ನಲ್ಲಿ ಹೇಗೆ ಕಾಣುತ್ತದೆಂದು ನೋಡಿ ಮುಂದುವರಿಯಿರಿ.