ಮಲೆನಾಡಿನ ದಾರಿಗೆ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ 200: ಮೊದಲ ಬೈಕಾಗಿಯೂ ಕೊಳ್ಳಬಹುದೇ?

ಚಿಕ್ಕಮಗಳೂರಿನ ಸುತ್ತಮುತ್ತ ಬೈಕ್ ಓಡಿಸುವವರಿಗೆ ಒಂದೇ ಬೆಳಿಗ್ಗೆ ಮೂರು ಬಗೆಯ ದಾರಿ ಎದುರಾಗುತ್ತದೆ. ಕಡೂರು ಕಡೆಯ ನುಣುಪಾದ ಡಾಂಬರು ರಸ್ತೆ, ಆಲ್ದೂರು ಮತ್ತು ಬಾಳೆಹೊನ್ನೂರು ಕಡೆಯ ಗುಂಡಿ ಬಿದ್ದ ತಿರುವುಗಳು, ಅಲ್ಲಿಂದ ಒಳಕ್ಕೆ ಹೊರಳಿದರೆ ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುವ ತೋಟದ ಕಲ್ಲುಹಾದಿ. ಈ ಮೂರನ್ನೂ ಒಂದೇ ಗಾಡಿಯಲ್ಲಿ ಓಡಾಡಬೇಕೆನ್ನುವವರು ಡಾಂಬರಿಗೂ ಮಣ್ಣಿನ ದಾರಿಗೂ ಹೊಂದುವ ಡ್ಯುಯಲ್ ಸ್ಪೋರ್ಟ್ ಬೈಕಿನತ್ತ ನೋಡುವುದು ಸಹಜ. ಹೊಸದಕ್ಕೆ ಹಣ ಹೊಂದಿಸಲಾಗದವರು, ಅಥವಾ ಕಲಿಯುವಾಗ ಬೀಳುವ ಗಾಡಿಗೆ ಅಷ್ಟು ಹಣ ಹಾಕಲು ಮನಸ್ಸಿಲ್ಲದವರು ಹಳೆಯದನ್ನು ಹುಡುಕುತ್ತಾರೆ. ನಾನು ಹಾಗೆ ಹುಡುಕಿ, ನಗರದ ಒಂದು ಹಳೇ ಗಾಡಿಗಳ ಮಳಿಗೆಯಿಂದ ಹೀರೊ ಎಕ್ಸ್‌ಪಲ್ಸ್ 200 ಕೊಂಡು, ಮಳೆಗಾಲದಲ್ಲೂ ಕಾಫಿ ಕೊಯ್ಲಿನ ಕಾಲದಲ್ಲೂ ಓಡಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಜಿಲ್ಲೆಯ ದಾರಿಗಳಿಗೆ ಎಂಜಿನ್ನಿನ ಶಕ್ತಿಗಿಂತ ಗಾಡಿಯ ಹಗುರತನ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಮತ್ತು ಹಳೆಯ ಗಾಡಿಯನ್ನು ಆರಿಸುವಾಗ ಓಡಿದ ಕಿಲೋಮೀಟರಿಗಿಂತ ಅದರ ಬೇರಿಂಗು ಮತ್ತು ಚಕ್ರಗಳ ಸ್ಥಿತಿಯೇ ಮುಖ್ಯ.

ಎಕ್ಸ್‌ಪಲ್ಸ್ 200 ಮಾರುಕಟ್ಟೆಗೆ ಬಂದದ್ದು 2019ರಲ್ಲಿ. 199.6 ಸಿಸಿ ಎಂಜಿನ್, ಐದು ಗೇರು, ಮುಂದೆ 21 ಇಂಚು ಮತ್ತು ಹಿಂದೆ 18 ಇಂಚಿನ ಸ್ಪೋಕ್ ಚಕ್ರಗಳು, ಗಾಡಿಯ ತಳಕ್ಕೆ ನೆಲದಿಂದ 220 ಮಿಲಿಮೀಟರ್ ಎತ್ತರ, ಮುಂದಿನ ಸಸ್ಪೆನ್ಶನ್ನಿಗೆ 190 ಮಿಲಿಮೀಟರ್ ಮತ್ತು ಹಿಂದಿನದಕ್ಕೆ 170 ಮಿಲಿಮೀಟರ್ ಚಲನೆ. ತೋಟದ ದಾರಿಯಲ್ಲಿ ಕಾಲಿಗೆ ಎಡವುವಂಥ ಕಲ್ಲಿನ ಮೇಲೆ 21 ಇಂಚಿನ ಚಕ್ರ ಸಲೀಸಾಗಿ ಹತ್ತಿಳಿಯುತ್ತದೆ. ಚಿಕ್ಕ ಚಕ್ರದ ಸಾಮಾನ್ಯ ಬೈಕು ಅದೇ ಕಲ್ಲಿಗೆ ತಗುಲಿ ಹ್ಯಾಂಡಲ್ಲನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಸೈಲೆನ್ಸರ್ ಮೇಲಕ್ಕೆ ಎತ್ತಿ ಕೂರಿಸಿರುವುದರಿಂದ ಮಳೆಗಾಲದಲ್ಲಿ ದಾರಿಗೆ ಅಡ್ಡಲಾಗಿ ಹರಿಯುವ ಸಣ್ಣ ತೊರೆಗಳನ್ನು ದಾಟಲು ಅಂಜಬೇಕಿಲ್ಲ. ಇಷ್ಟೆಲ್ಲ ಇದ್ದೂ ಗಾಡಿಯ ತೂಕ, ಮಾದರಿಗೆ ಅನುಗುಣವಾಗಿ, ಸುಮಾರು 154ರಿಂದ 160 ಕಿಲೋ ಮಾತ್ರ.

ಮೊದಲ ಬೈಕಾಗಿ ಇದು ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಈ ತೂಕದಲ್ಲಿಯೇ ಇದೆ. ನಮ್ಮ ಅಕ್ಕನ ಮಗಳು ಗೇರಿನ ಗಾಡಿಯನ್ನು ಕಲಿತದ್ದು ಇದರಲ್ಲಿಯೇ. ಕಾಫಿ ಒಣಗಿಸುವ ಕಣದಲ್ಲಿ ಕ್ಲಚ್ಚಿನ ಹದ ತಿಳಿದುಕೊಂಡು, ಆಮೇಲೆ ತೋಟದ ಏರಿನಲ್ಲಿ ನಿಲ್ಲಿಸಿ ಹೊರಡಿಸುವುದನ್ನು ಅಭ್ಯಾಸ ಮಾಡಿದಳು. ಬಿದ್ದಾಗ ಯಾರ ಸಹಾಯವನ್ನೂ ಕೇಳದೆ ತಾನೇ ಎತ್ತಿ ನಿಲ್ಲಿಸಿದಳು, ಮತ್ತೆ ಹತ್ತಿ ಕೂರುವ ಧೈರ್ಯವೂ ಅವಳಿಗೆ ಅದರಿಂದಲೇ ಬಂದಿತು. ಆದರೆ ಸೀಟಿನ ಎತ್ತರ ಸುಮಾರು 823 ಮಿಲಿಮೀಟರ್ ಇರುವುದನ್ನು ಗಮನಿಸಬೇಕು. ಐದಡಿ ಮೂರ್ನಾಲ್ಕು ಅಂಗುಲ ಎತ್ತರದವರಿಗೆ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರುವುದಿಲ್ಲ. ಒಂದೇ ಕಾಲೂರಿ ನಿಲ್ಲುವ ರೂಢಿ ಬೇಕು, ಇಳಿಜಾರಿನಲ್ಲಿ ಮೇಲ್ಬದಿಯ ಕಾಲನ್ನೇ ಊರಬೇಕು. ಕೊಳ್ಳುವ ಮುನ್ನ ಬರಿಗಾಲಿನಲ್ಲಿ ಅಥವಾ ಚಪ್ಪಲಿಯಲ್ಲಿ ಕುಳಿತು ನೋಡಬೇಡಿ, ಓಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇದೆ, ಆದ್ದರಿಂದ ಒದ್ದೆ ರಸ್ತೆಯಲ್ಲಿ ಹಿಂದಿನ ಬ್ರೇಕನ್ನು ಬಲವಾಗಿ ತುಳಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ ಎಂಬುದನ್ನು ಕಲಿಯುವವರಿಗೆ ಮೊದಲ ದಿನವೇ ತೋರಿಸಿಕೊಡಬೇಕು.

ಇದರೊಂದಿಗೆ ಹೋಲಿಸಿ ನೋಡುವ ಗಾಡಿ ಎಂದರೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಅದು 2016ರಲ್ಲೇ ಬಂದದ್ದರಿಂದ ಹಾಸನ ಮತ್ತು ಚಿಕ್ಕಮಗಳೂರಿನಲ್ಲಿ ಮಾರಾಟಕ್ಕೆ ಬರುವ ಗಾಡಿಗಳಿಗೆ ಕೊರತೆಯಿಲ್ಲ. 411 ಸಿಸಿ ಎಂಜಿನ್ನಿನ 32 ನ್ಯೂಟನ್ ಮೀಟರ್ ಎಳೆತ, ಹದಿನೈದು ಲೀಟರಿನ ಟ್ಯಾಂಕು, 800 ಮಿಲಿಮೀಟರಿನ ತಗ್ಗಾದ ಸೀಟು, ಇವೆಲ್ಲ ಆಕರ್ಷಕವೇ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ, ಇಲ್ಲವೇ ಹಾಸನದಿಂದ ಬೆಂಗಳೂರಿಗೆ ಇಬ್ಬರು ಸಾಮಾನು ಸಹಿತ ಹೋಗುವುದಾದರೆ ನಾನೂ ಹಿಮಾಲಯನ್ನನ್ನೇ ಆರಿಸುತ್ತೇನೆ. ಆದರೆ ಅದರ ಬಿಎಸ್ 6 (2020ರಲ್ಲಿ ಬಂದ ಹೊಗೆ ನಿಯಮ) ಮಾದರಿ 199 ಕಿಲೋ ತೂಗುತ್ತದೆ. ಕೆಸರಿನಲ್ಲಿ ಮಲಗಿದ ಆ ಗಾಡಿಯನ್ನು ಒಬ್ಬರೇ ಎತ್ತುವುದು ಅನುಭವಿಗಳಿಗೂ ಸುಲಭವಲ್ಲ. ಹೊಸಬರು ಒಂದೆರಡು ಸಲ ಹಾಗೆ ಸಿಲುಕಿಕೊಂಡರೆ ಬೈಕನ್ನೇ ಬಿಟ್ಟು ಸ್ಕೂಟರಿಗೆ ಮರಳಿಬಿಡುತ್ತಾರೆ. ಹಿಮಾಲಯನ್ನನ್ನೇ ಕೊಳ್ಳುವುದಾದರೆ ಕಾರ್ಬ್ಯುರೇಟರ್ ಇದ್ದ ಆರಂಭದ ಗಾಡಿಗಳನ್ನು ಬಿಟ್ಟು, 2018ರಿಂದ ಈಚಿನ, ಎಬಿಎಸ್ ಇರುವ ಗಾಡಿಯನ್ನು ನೋಡುವುದು ಒಳ್ಳೆಯದು. 2020ರ ಬಿಎಸ್ 6 ಮಾದರಿಯಲ್ಲಿ ಹಿಂದಿನ ಚಕ್ರದ ಎಬಿಎಸ್ಸನ್ನು ಬೇಕೆಂದಾಗ ನಿಲ್ಲಿಸುವ ಸೌಲಭ್ಯವಿದ್ದು, ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಕೆಟಿಎಂ 390 ಅಡ್ವೆಂಚರ್ ವೇಗದ ಗಾಡಿ, ಅದರ ಮೊದಲ ಮಾದರಿಯ ಸೀಟು 855 ಮಿಲಿಮೀಟರ್ ಎತ್ತರ. ಮೊದಲ ಬೈಕಾಗಿ ಅದನ್ನು ನಾನು ಯಾರಿಗೂ ಸೂಚಿಸಲಾರೆ. ಹೀರೊ ಇಂಪಲ್ಸ್ 150 ಹಗುರವಾದ, ಚೆಂದದ ಗಾಡಿಯಾಗಿತ್ತು, ಆದರೆ ತಯಾರಿಕೆ ನಿಂತು ವರ್ಷಗಳೇ ಆಗಿರುವುದರಿಂದ ಬಿಡಿಭಾಗಗಳಿಗೆ ಅಲೆಯಬೇಕಾಗುತ್ತದೆ.

ಇನ್ನು ಗಾಡಿಯನ್ನು ಪರೀಕ್ಷಿಸುವ ವಿಷಯ. ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ, ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಳ್ಳಬೇಕು. ತಣ್ಣಗಿರುವ ಎಂಜಿನ್ ಹೇಗೆ ಹತ್ತಿಕೊಳ್ಳುತ್ತದೆ, ಯಾವ ಸದ್ದು ಮಾಡುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೇ ಎಂಬುದೆಲ್ಲ ಆಗ ಮಾತ್ರ ನಿಜವಾಗಿ ತಿಳಿಯುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದು ಅರ್ಥ. ಹಳ್ಳ ದಾಟಿಸುವಾಗ ಮುಳುಗಿದ ಗಾಡಿಗಳಲ್ಲಿ ಇದು ಕಾಣಿಸುತ್ತದೆ, ಅಂಥದ್ದನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಬೇಕು. ಏರ್ ಫಿಲ್ಟರಿನ ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಿದರೆ ಹಿಂದಿನ ಮಾಲೀಕರ ಆರೈಕೆ ಎಂಥದ್ದೆಂದು ತಿಳಿದುಹೋಗುತ್ತದೆ. ಅಲ್ಲಿ ಕೆಮ್ಮಣ್ಣಿನ ಪುಡಿ ತುಂಬಿದ್ದರೆ ಅದರಲ್ಲಿ ಸ್ವಲ್ಪ ಎಂಜಿನ್ನಿಗೂ ಸೇರಿರುತ್ತದೆ.

ಮಲೆನಾಡಿನ ಗಾಡಿಗಳಲ್ಲಿ ಎಂಜಿನ್ನಿಗಿಂತ ಮೊದಲು ಸವೆಯುವುದು ಬೇರಿಂಗುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ ಒಂದು ಕಾರಣವಾದರೆ, ಕೆಸರು ತೊಳೆಯಲು ವಾಟರ್ ಸರ್ವಿಸಿನಲ್ಲಿ ಬಿರುಸಾಗಿ ಹೊಡೆಯುವ ನೀರು ಸೀಲುಗಳನ್ನು ದಾಟಿ ಒಳಗಿನ ಗ್ರೀಸನ್ನು ತೊಳೆದುಬಿಡುವುದು ಇನ್ನೊಂದು ಕಾರಣ. ಮುಂದಿನ ಚಕ್ರ ನೆಲ ಬಿಡುವಂತೆ ಗಾಡಿಯನ್ನು ಎತ್ತಿಸಿ, ಹ್ಯಾಂಡಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ ನೋಡಿ. ನಡುವೆ ಎಲ್ಲಿಯಾದರೂ ಹಲ್ಲಿಗೆ ಸಿಕ್ಕಂತೆ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಫೋರ್ಕಿನ ಕೆಳತುದಿಗಳನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಕಟಕಟ ಎಂದರೂ ಅದೇ ದೋಷ. ಚಕ್ರವನ್ನು ಮೇಲೆ ಒಂದು ಕೈಯಲ್ಲಿ, ಕೆಳಗೆ ಒಂದು ಕೈಯಲ್ಲಿ ಹಿಡಿದು ಪಕ್ಕಕ್ಕೆ ಜಗ್ಗಿದರೆ ಚಕ್ರದ ಬೇರಿಂಗಿನ ಸಡಿಲ ತಿಳಿಯುತ್ತದೆ. ಹಿಂದಿನ ಚಕ್ರ ಎತ್ತಿ ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮನ್ನು ಹೀಗೆಯೇ ಪಕ್ಕಕ್ಕೆ ಜಗ್ಗಿ ನೋಡಬೇಕು. ಹಿಮಾಲಯನ್ನಿನಲ್ಲಿ ಹಿಂದಿನ ಶಾಕಿಗೆ ಲಿಂಕೇಜ್ (ಶಾಕನ್ನು ಸ್ವಿಂಗ್ ಆರ್ಮಿಗೆ ಜೋಡಿಸುವ ಕೀಲುಗಳು) ಇರುವುದರಿಂದ ಅಲ್ಲಿನ ಬೇರಿಂಗುಗಳಿಗೆ ಗ್ರೀಸ್ ಯಾವಾಗ ಹಾಕಿಸಿದ್ದು ಎಂದು ಕೇಳಲೇಬೇಕು.

ನಂತರ ಚಕ್ರಗಳು. ಒಂದು ಚಿಕ್ಕ ಸ್ಪ್ಯಾನರ್ ತೆಗೆದುಕೊಂಡು ಸ್ಪೋಕುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತ ಹೋಗಿ. ಬಿಗಿಯಾದದ್ದು ಠಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಚಕ್ರವನ್ನು ತಿರುಗಿಸಿ ಬಿಟ್ಟು, ಫೋರ್ಕಿಗೆ ಬೆರಳೂರಿ ರಿಮ್ಮಿನ ಅಂಚನ್ನು ಗಮನಿಸಿದರೆ ರಿಮ್ ಔಟ್ ಆಗಿರುವುದು ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಓಲಾಟವಿದ್ದರೆ ಒಳ್ಳೆಯ ಕೆಲಸಗಾರರು ಸ್ಪೋಕ್ ಎಳೆದು ಸರಿಮಾಡುತ್ತಾರೆ, ಆದರೆ ಕಲ್ಲಿಗೆ ಬಡಿದು ಅಂಚೇ ಮಡಿದಿದ್ದರೆ ರಿಮ್ ಬದಲಿಸಬೇಕು. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2321 ಎಂದಿದ್ದರೆ 2021ರ 23ನೆಯ ವಾರದಲ್ಲಿ ತಯಾರಾದದ್ದು. ಟಯರಿನ ಬಟನ್ (ಮೇಲಿನ ಉಬ್ಬು ಗುರುತುಗಳು) ಇನ್ನೂ ಉಳಿದಿದ್ದರೂ ರಬ್ಬರ್ ಹಳತಾಗಿ ಗಟ್ಟಿಯಾಗಿದ್ದರೆ ಮಳೆಯಲ್ಲಿ ಹಿಡಿತ ಸಿಗದು. ಎಕ್ಸ್‌ಪಲ್ಸ್ 200ಕ್ಕೂ ಹಿಮಾಲಯನ್ 411ಕ್ಕೂ ಟ್ಯೂಬ್ ಇರುವ ಟಯರುಗಳೇ. ಬಿಸಿಲೆ ಘಾಟಿಯಂಥ ಕಡೆ ಪಂಕ್ಚರ್ ಆದರೆ ಹತ್ತಿರದಲ್ಲಿ ಅಂಗಡಿ ಸಿಗುವುದಿಲ್ಲವಾದ್ದರಿಂದ, ಟ್ಯೂಬ್ ಬದಲಿಸುವುದನ್ನು ಕಲಿಯದೆ ಇಂಥ ಗಾಡಿಯಲ್ಲಿ ದೂರ ಹೋಗಬಾರದು.

ಬಿದ್ದ ಗುರುತುಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಮಣ್ಣಿನ ದಾರಿಗೆಂದೇ ಮಾಡಿದ ಗಾಡಿ ಬಿದ್ದೇ ಇರುತ್ತದೆ. ಲಿವರಿನ ತುದಿ, ಹ್ಯಾಂಡ್ ಗಾರ್ಡ್, ಕಾಲಿಡುವ ಪೆಗ್ಗಿನ ಅಂಚು ಉಜ್ಜಿರುವುದು ಸಣ್ಣ ವಿಷಯ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆದು ನಿಲ್ಲಿಸುವ ಚಾಸಿಯ ಗೂಟ ಜಜ್ಜಿದ್ದರೆ, ಬೆಸುಗೆಯ ಬಳಿ ಬಣ್ಣ ಬಿರಿದಿದ್ದರೆ, ಅಥವಾ ಗಾಡಿಯ ಆ ಒಂದು ಜಾಗದಲ್ಲಿ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಅದು ದೊಡ್ಡ ಅಪಘಾತದ ಗುರುತು. ಎಂಜಿನ್ ಕೆಳಗಿನ ಬ್ಯಾಶ್ ಪ್ಲೇಟನ್ನು ಬಿಚ್ಚಿಸಿ ಅದರ ಹಿಂದೆಯೂ ನೋಡಬೇಕು, ಏಕೆಂದರೆ ಕಲ್ಲಿನ ಪೆಟ್ಟು ಪ್ಲೇಟನ್ನು ಒತ್ತಿ ಎಂಜಿನ್ ಕೇಸಿಂಗ್‌ವರೆಗೂ ಮುಟ್ಟಿರಬಹುದು.

ಎಕ್ಸ್‌ಪಲ್ಸಿನಲ್ಲಿಯೇ ಯಾವ ಮಾದರಿ ಎಂದು ಕೇಳಿದರೆ, ಬಿಎಸ್ 6 ಬಂದಾಗ ಎಂಜಿನ್ನಿಗೆ ಆಯಿಲ್ ಕೂಲರ್ ಸೇರಿತು, 2021ರ ಅಕ್ಟೋಬರಿನಲ್ಲಿ ನಾಲ್ಕು ವಾಲ್ವಿನ 4ವಿ ಬಂದು ಶಕ್ತಿ 19.1 ಪಿಎಸ್‌ಗೆ ಏರಿತು. ಹಣ ಹೊಂದುವುದಾದರೆ 4ವಿ ಉತ್ತಮ, ಆದರೆ ಚೆನ್ನಾಗಿ ನೋಡಿಕೊಂಡ ಎರಡು ವಾಲ್ವಿನ ಗಾಡಿಯನ್ನು ಬಿಟ್ಟು ದುಡಿದು ದಣಿದ 4ವಿ ಕೊಳ್ಳುವುದು ಸರಿಯಲ್ಲ. ಜಾಹೀರಾತಿನಲ್ಲಿ ಬರಿಯ ಎಕ್ಸ್‌ಪಲ್ಸ್ ಎಂದಿದ್ದರೆ ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ: 200ಟಿ ಎಂಬುದು 17 ಇಂಚಿನ ಅಲಾಯ್ ಚಕ್ರಗಳ ಡಾಂಬರು ರಸ್ತೆಯ ಗಾಡಿ. ರ್‍ಯಾಲಿ ಕಿಟ್ (ಉದ್ದನೆಯ ಸಸ್ಪೆನ್ಶನ್ನಿನ ಬಿಡಿಭಾಗಗಳು) ಹಾಕಿಸಿದ ಗಾಡಿಗಳ ಸೀಟು ಇನ್ನೂ ಎತ್ತರ, ಅದು ಕಲಿಯುವವರಿಗಲ್ಲ.

ಕಾಗದಪತ್ರಗಳ ವಿಷಯದಲ್ಲಿ ಅವಸರ ಬೇಡ. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನ ಅಂಕಿಗಳೊಂದಿಗೆ ನೀವೇ ಹೋಲಿಸಿ ಓದಿ. ಸಾಲದಲ್ಲಿ ಕೊಂಡ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಸಾಲ ತೀರಿದ್ದನ್ನು ತೋರಿಸುವ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಕೆಎ 18 (ಚಿಕ್ಕಮಗಳೂರು), ಕೆಎ 13 (ಹಾಸನ), ಕೆಎ 46 (ಸಕಲೇಶಪುರ), ನೋಂದಣಿ ಯಾವುದಾದರೂ ನಮ್ಮ ರಾಜ್ಯದ್ದೇ ಆದ್ದರಿಂದ ತೊಡಕಿಲ್ಲ. ಕೇರಳ ಅಥವಾ ಗೋವಾದ ನೋಂದಣಿಯ ಗಾಡಿ ಅಗ್ಗವೆಂದು ಕಂಡರೂ ಆ ರಾಜ್ಯದ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನೋಂದಣಿ ಎಲ್ಲ ಸೇರಿದಾಗ ಆ ಲಾಭ ಉಳಿಯುವುದಿಲ್ಲ. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ಅಪಘಾತವಾದಾಗ ಪರಿಹಾರಕ್ಕೆ ತೊಂದರೆಯಾಗುತ್ತದೆ.

ನಾನು ಕೊಂಡ ಮಳಿಗೆಯವರು ಬ್ಯಾಶ್ ಪ್ಲೇಟ್ ಬಿಚ್ಚಲು ಮೊದಲು ಒಪ್ಪಲಿಲ್ಲ, ಹೊರಟು ನಿಂತಾಗ ಒಪ್ಪಿದರು. ಚೈನ್ ಸ್ಪ್ರಾಕೆಟ್ ಮತ್ತು ಕೋನ್ ಸೆಟ್ ಸವೆದಿದ್ದುದನ್ನು ಅವರೆದುರಿಗೇ ತೋರಿಸಿದ್ದರಿಂದ ಆ ಖರ್ಚಿನಷ್ಟು ಬೆಲೆ ಇಳಿಸಿದರು. ನಿಮ್ಮ ಹಣದಲ್ಲಿ ಹತ್ತರಲ್ಲಿ ಒಂದು ಪಾಲನ್ನಾದರೂ ಇಂಥ ಕೆಲಸಗಳಿಗೆ ತೆಗೆದಿಟ್ಟು, ಉಳಿದದ್ದರಲ್ಲಿ ಗಾಡಿಯ ಬೆಲೆ ಮಾತನಾಡಿ.

ಎಕ್ಸ್‌ಪಲ್ಸಿನ ಮಿತಿಗಳೂ ಇವೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಗಂಟೆಗೆ ಎಂಬತ್ತು ಕಿಲೋಮೀಟರ್ ದಾಟಿದ ಮೇಲೆ ಎಂಜಿನ್ನಿಗೆ ಉತ್ಸಾಹ ಕಡಿಮೆ, ಲಾರಿಯನ್ನು ಹಿಂದೆ ಹಾಕಲು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಸೀಟು ಕಿರಿದಾದ್ದರಿಂದ ಹಿಂದೆ ಕುಳಿತವರಿಗೆ ದೂರದ ಪ್ರಯಾಣದಲ್ಲಿ ಸುಖವಿಲ್ಲ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುವವರು ಇದನ್ನು ಕೊಳ್ಳಬಾರದು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಒಳದಾರಿಗಳಲ್ಲಿ ದಿನವೂ ಓಡಾಡುವವರಿಗೆ, ತೋಟದಿಂದ ಕಾಲೇಜಿಗೆ ಹೋಗುವ ಮಕ್ಕಳಿಗೆ, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಗೆದ್ದ ಹಳೆಯ ಎಕ್ಸ್‌ಪಲ್ಸ್ 200 ಸಿಕ್ಕರೆ ನಾನು ಹಿಂಜರಿಯದೆ ಕೊಳ್ಳಿ ಎನ್ನುತ್ತೇನೆ.